ನವಸಾಗರದ ಬೆಸುಗೆ

ಎರಡನೇ ಮಹಾಯುದ್ಧ ಮುಗಿಯುವವರೆಗೆ ಮದ್ದೂರಿನ ಬಸ್ ಶೆಡ್ಡಿನಲ್ಲಿ ವೈರಿನ ಕೆಲಸವೆಂದರೆ ವಹಾಬ್, ಅಂದರೆ ನಾನು. ಆಮೇಲೆ ಮಿಲಿಟರಿ ವರ್ಕ್‌ಶಾಪಿನಿಂದ ಹನಕೆರೆಯ ಚಲುವರಾಜು ಬಂದ. ನೇಗಿಲು ಹಿಡಿಯುವ ಮನೆಯವನು! ಆರೇ ತಿಂಗಳಿಗೆ ಡ್ರೈವರುಗಳೆಲ್ಲ ಅವನ ಹಿಂದೆ ಬಿದ್ದರು. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು? ನನ್ನ ಹೆಂಡತಿ ಖುರ್ಷೀದ್ ಒಮ್ಮೆ ಅವನ ಕೆಲಸ ಹೊಗಳಿದ್ದಕ್ಕೆ ಊಟದ ತಟ್ಟೆ ಬಿಟ್ಟು ಎದ್ದಿದ್ದೆ.

ನಾನು ತಂತಿ ತಿರುಚಿ, ಬಟ್ಟೆ ಟೇಪು ಸುತ್ತಿ ಬಿಡುವವನು. ಮಳೆಗಾಲದಲ್ಲಿ ಮಳವಳ್ಳಿ ರಸ್ತೆಯ ಮೇಲೆ ಕೆರೆ ಕೋಡಿಯ ನೀರು ಹರಿದರೆ ಬಸ್ಸಿನ ದೀಪ, ಹಾರನ್ನು ಎರಡೂ ಕೈಕೊಡುತ್ತಿದ್ದವು. ಚಲುವರಾಜು ತಿರುಚಿದ ತಂತಿಗೆ ಸೀಸದ ಬೆಸುಗೆ ಹಾಕಿ, ರಬ್ಬರು ಸುತ್ತಿ, ಮೇಲೆ ಟೇಪು ಸುತ್ತಿ, ಕರಗಿಸಿದ ಅರಗು ಬಳಿಯುತ್ತಿದ್ದ. ನೀರು ಒಳಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ.

ಸಾಹುಕಾರ್ ಹೊನ್ನಯ್ಯನವರು ಇಬ್ಬರಿಗೂ ಒಂದೊಂದು ಬಸ್ಸು ಒಪ್ಪಿಸಿದರು.

"ಮಳೆಗಾಲ ಮುಗಿಯೋಗಂಟ ಯಾರ್ ಬಸ್ಸಿನ ದೀಪ ಆರಾಕಿಲ್ವೋ ಅವ್ನೇ ಶೆಡ್ಡಿಗೆ ಎಡ್ ಮೇಸ್ತ್ರಿ" ಎಂದರು.

ಹಲಗೆ ಗೋಡೆಯ ಸಂದಿಯಿಂದ ಅವನ ಕೆಲಸ ಕದ್ದು ನೋಡಿದೆ. ಬೆಸೆಯುವ ಮೊದಲು ತಂತಿಗೆ ಏನೋ ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದಿತು. ನಮ್ಮದು ಪಾತ್ರೆಗೆ ಕಲಾಯಿ ಹಾಕುವ ಮನೆತನ. ಆ ಹೊಗೆ ನನಗೆ ಗೊತ್ತಿಲ್ಲವೇ? ನವಸಾಗರ, ಕಲಾಯಿ ಹಿಡಿಯಲೆಂದು ಕಾದ ಪಾತ್ರೆಗೆ ಉಜ್ಜುವ ಉಪ್ಪು! ಹತ್ತಿರ ಹೋಗಿ ವಾಸನೆ ನೋಡುವ ತಾಳ್ಮೆ ಯಾರಿಗಿತ್ತು? ಮನೆಯಿಂದ ಡಬ್ಬಿ ತಂದು, ನನ್ನ ಬಸ್ಸಿನ ತಂತಿಗಳಿಗೆಲ್ಲ ಧಾರಾಳವಾಗಿ ಉದುರಿಸಿ ಬೆಸೆದು, ಅರಗು ಬಳಿದೆ.

ಮಳೆ ಬಂತು. ಎರಡು ಬಸ್ಸುಗಳೂ ನೀರು ಹಾಯ್ದು ದೀಪ ಉರಿಸಿಕೊಂಡೇ ಬಂದವು. ಚಲುವರಾಜುವಿನ ದೀಪ ಆರಲೆಂದು ದಿನಾ ಬಯಸಿದೆ, ಆರಲಿಲ್ಲ.

ಮಳೆ ಹಿಂದೆಗೆಯುವ ಹೊತ್ತಿಗೆ ನನ್ನ ಬಸ್ಸಿನ ಒಂದು ತಂತಿ ಉಜ್ಜಿ ಸವೆದಿತ್ತು. ಬದಲಿಸಲೆಂದು ಅದರ ಬೆಸುಗೆ ಕೊಯ್ದೆ. ನಾನು ಎಡಚ, ನನ್ನ ಸುತ್ತು ಎಡಕ್ಕೆ ತಿರುಗುತ್ತದೆ. ಅರಗಿನ ಕೆಳಗಿನ ಸುತ್ತು ಬಲಕ್ಕೆ ತಿರುಗಿತ್ತು. ಇನ್ನೊಂದು ಕೊಯ್ದೆ, ಮತ್ತೊಂದು ಕೊಯ್ದೆ. ಒಂದೂ ನನ್ನದಲ್ಲ.

ನೇರ ಚಲುವರಾಜುವಿನ ಎದುರು ಹೋಗಿ ನಿಂತೆ. "ನನ್ ಬಸ್ಸಿಗ್ಯಾಕ್ಲಾ ಕೈ ಆಕ್ದೆ?"

ಅವನು ತಲೆ ಎತ್ತಲಿಲ್ಲ. "ನವಸಾಗರದ ವಾಸ್ನೆ ಇಲ್ಲೀಗಂಟ ಬಂತು ಕಣ್ ವಹಾಬಣ್ಣ. ಪಾತ್ರೇನಾದ್ರೆ ತೊಳೀತೀವಿ. ತಂತೀಲಿ ಅದು ಒಳ್ಗೇ ಕುಂತ್ಕಂಡು ತಾಮ್ರಾನೇ ತಿಂದಾಕ್ತದೆ. ನಾನ್ ಆಕೋದು ರಾಳ, ಮರದ ಅಂಟು. ಅದು ತಾಮ್ರ ತಿನ್ನಾಕಿಲ್ಲ. ಬಸ್ಸಲ್ಲಿ ಜನ ಇರ್ತಾರಲ್ಲ, ಅದ್ಕೇ ಅವತ್ತು ರಾತ್ರೀನೇ ಬುಡಿಸಿ ಮತ್ತೆ ಬೆಸ್ದೆ."

ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹೊನ್ನಯ್ಯನವರು ಬಂದರು. "ಎಲ್ಡು ಬಸ್ಸೂ ಗೆದ್ದೋ ಕಣ್ರಲಾ. ವಹಾಬ, ನೀನು ಅಳಬ. ನೀನೇ ಮೇಸ್ತ್ರಿ."

ಚಲುವರಾಜು ಕೈಯ ಕೆಲಸ ಬಿಡದೆಯೇ, ಆಗಲಿ ಎಂಬಂತೆ ತಲೆಯಾಡಿಸಿದ. ಸಾಯುವವರೆಗೂ ಇವನು ಬಿಟ್ಟುಕೊಟ್ಟ ಅನ್ನ ಉಣ್ಣಬೇಕೇ ನಾನು?

"ಆ ಬೆಸ್ಗೆ ನನ್ದಲ್ಲ ಸಾವ್ಕಾರ್ರೇ. ಎಲ್ಡು ಬಸ್ಸೂ ಇವನ್ದೇ" ಎಂದೆ.

ಸಾಹುಕಾರರು ಚಲುವರಾಜುವನ್ನೇ ಮೇಸ್ತ್ರಿ ಮಾಡಿದರು. ನನ್ನ ಬೆನ್ನು ತಟ್ಟಿ, "ನಿನ್ನಂತ ನಿಯತ್ತಿನ ಮನ್ಸ ಈ ಸೀಮೇಲೇ ಇಲ್ಲ ಕಣ್ಲಾ" ಎಂದರು. ಈಗ ಮದ್ದೂರೆಲ್ಲ ಅದನ್ನೇ ಹೇಳುತ್ತದೆ. ಅದು ನಿಯತ್ತಲ್ಲ, ಹೊಟ್ಟೆಕಿಚ್ಚು ಎಂದು ನಾನು ಯಾರಿಗೆ ಹೇಳಲಿ?