ಬರಿದಲೆಯ ಹೆಂಗಸರು

ಬೆಳಗಿನ ಚಹಾದ ಹೊತ್ತಿಗೆ ಊರ ಜಮೀನ್ದಾರ, ವಡೇರ ಸುಹ್ರಾಬ್ ಖಾನನ ಮನೆಯ ಹೆಂಗಸರೆಲ್ಲ ಪದ್ಯ ಕಟ್ಟುವ ಖಾನ್‌ಜಾದಿಯ ಅಂಗಳಕ್ಕೆ ಬಂದು ನಿಂತರು. ಒಬ್ಬಳ ತಲೆಯ ಮೇಲೂ ದುಪಟ್ಟಾ ಇರಲಿಲ್ಲ. ಹೊಸಿಲು ದಾಟದ ಜಮೀನ್ದಾರರ ಮನೆಯವರು ಹಾಗೆ ಬಂದರೆಂದರೆ ಏನರ್ಥವೆಂದು ಕತ್ತೆಗಾಡಿಯವನಿಗೂ ಗೊತ್ತು: ಕ್ಷಮೆ ಬೇಡಲು ಬಂದಿದ್ದಾರೆ, ಇಲ್ಲ ಎನ್ನುವಂತಿಲ್ಲ. ಬರಿದಲೆಯ ಮುಂದೆ ರಕ್ತದ ಹಗೆಯೂ ತಲೆ ತಗ್ಗಿಸಬೇಕು.

ಖಾನ್‌ಜಾದಿಯ ಹಗೆಯೋ, ಒಂದು ಪದ್ಯ. ವಡೇರನ ಸೋದರಳಿಯ ತನ್ನ ಹೆಂಡತಿ ಸಭಾಗಿಯನ್ನು ನಡತೆಗೆಟ್ಟವಳೆಂದು ಕೊಡಲಿಯಿಂದ ಕಡಿದಿದ್ದ. ಸ್ನಾನವಿಲ್ಲ, ನಮಾಜಿಲ್ಲ, ಗುರುತಿನ ಕಲ್ಲೂ ಇಲ್ಲದೆ ಹೂತಿದ್ದರು. ಪೊಲೀಸರು ವಡೇರನ ಕೋಳಿ ತಿಂದು, ಹಾವು ಕಚ್ಚಿತೆಂದು ಬರೆದುಕೊಂಡು ಹೋದರು. ಹಿಡಿಕೆಯಿರುವ ಹಾವು! ಕೊಂದವನ ಹೆಸರು, ಸತ್ತವಳ ಹೆಸರು ಎರಡನ್ನೂ ಇಟ್ಟು ಬರೆದ ಪದ್ಯವನ್ನು ಖಾನ್‌ಜಾದಿ ನಾಳೆ ದಾದು ಪೇಟೆಯ ಮುಷಾಯಿರಾ ಕವಿಗೋಷ್ಠಿಯಲ್ಲಿ, ಟೀವಿಯವರೆದುರು ಓದುವವಳಿದ್ದಳು.

"ಓದಬೇಡ ಮಗಳೇ," ಅಂದಳು ವಡೇರನ ಹಿರಿಯ ಹೆಂಡತಿ. "ನಮ್ಮ ತಲೆ ನೋಡು."

"ನೋಡ್ತಾ ಇದೀನಮ್ಮಾ. ಕಳಿಸಿದವರ ಪೇಟ ಮಾತ್ರ ಅಲ್ಲಾಡಿಲ್ಲ, ಅಲ್ವಾ?" ಖಾನ್‌ಜಾದಿ ಇಲ್ಲದ ಮೀಸೆ ತಿರುವಿ, ಗಂಟಲು ದಪ್ಪ ಮಾಡಿ, ಥೇಟ್ ವಡೇರನಂತೆ ಕೆಮ್ಮಿದಳು. "'ಹೋಗ್ರೇ, ಆ ಪದ್ಯಗಿತ್ತಿ ಬಾಯಿ ಹೊಲಿದು ಬನ್ರೇ!' ಹೀಗೇ ತಾನೇ ಅಂದಿದ್ದು?"

ಹಿಂದೆ ಯಾರೋ ಕಿಸಕ್ಕೆಂದು ಬಾಯಿ ಮುಚ್ಚಿಕೊಂಡರು.

"ಖಾನೂ, ಸಾಕು ನಿನ್ನ ನಾಟಕ," ಅಣ್ಣ ಗುಲ್ಶೇರ್ ಗದರಿದ. "ಒಪ್ಕೊಂಡು, ದುಪಟ್ಟಾ ಹೊದಿಸಿ ಕಳಿಸು. ಇಲ್ಲಾಂದ್ರೆ ನಾಳೆಯಿಂದ ನಮ್ಮನೇಲಿ ಯಾರೂ ನೀರೂ ಮುಟ್ಟಲ್ಲ."

ಆಗ ಅವಳ ಕಣ್ಣಿಗೆ ಬಿದ್ದಳು ಜೀವಣಿ, ಸಭಾಗಿಯ ತಾಯಿ.

"ನಿನ್ನನ್ನೂ ಕರ್ಕೊಂಡು ಬಂದ್ರಾ?"

"ಟ್ರಾಕ್ಟರಿಗೆ ಹತ್ತಿಸಿದ್ರು ತಾಯೀ. ನನ್ನ ಚಿಕ್ಕ ಮಗಳು ಅವರ ಮನೇಲೇ ಇದಾಳೆ. ಬರಲ್ಲ ಅನ್ನೋದು ಹೇಗೆ?"

ಖಾನ್‌ಜಾದಿಯ ಕಿವಿಯವರೆಗೆ ಬೆಂಕಿ ಹತ್ತಿತು. ಕೊಂದದ್ದು ಸಾಲದೆ, ಹೆತ್ತವಳನ್ನೇ ಬೇಡಲು ಕಳಿಸಿದ್ದಾನೆ! ಅವಳು ತನ್ನ ದುಪಟ್ಟಾವನ್ನು ಎಳೆದು ಮಂಚದ ಮೇಲೆಸೆದಳು.

"ನನ್ನ ತಲೆಯೂ ಬರಿದಾಯ್ತು. ನಡೀರಿ, ಎಲ್ಲಾ ಸೇರಿ ವಡೇರನ್ನೇ ಬೇಡೋಣ. ಕೊಂದವನನ್ನ ಕೋರ್ಟಿಗೆ ಒಪ್ಪಿಸಲಿ, ಚಿಕ್ಕೋಳನ್ನ ತಾಯಿಗೆ ಕೊಡಲಿ. ಕೊಟ್ರೆ ಪದ್ಯ ಒಲೆಗೆ ಹಾಕ್ತೀನಿ. ಖುದಾನಾಣೆ."

ಜೀವಣಿ ಮೊದಲು ಹೊರಟಳು. ಉಳಿದವರು ಹಿರಿಯಳ ಮುಖ ನೋಡಿದರು. ಅವಳು ತುಟಿ ಕಚ್ಚಿಕೊಂಡು ಜೀವಣಿಯ ಹಿಂದೆ ಹೆಜ್ಜೆ ಹಾಕಿದಳು.

ವಡೇರ ತನ್ನ ಬೈಠಕ್ಕಿನಲ್ಲಿ ಆಳುಕಾಳುಗಳ ನಡುವೆ ಹುಕ್ಕಾ ಸೇದುತ್ತಿದ್ದ. ಬೀದಿ ತುಂಬ ತನ್ನದೇ ಮನೆಯ ಬರಿದಲೆಗಳು ಬರುವುದನ್ನು ಕಂಡು ಅರಚಿದ: "ಬಾಗಿಲು ಹಾಕ್ರೋ!"

ಅಗುಳಿ ಬಿತ್ತು. ಊರೆಲ್ಲ ನೋಡುತ್ತಿತ್ತು.

"ಇಲ್ಲ ಅಂದ್ಬಿಟ್ಟೆಯಲ್ಲೋ ಸುಹ್ರಾಬಾ!" ಖಾನ್‌ಜಾದಿ ಬಾಗಿಲಿಗೆ ಗುದ್ದಿದಳು. "ಹಾಗಾದ್ರೆ ನನಗೂ ಇಲ್ಲ ಅನ್ನೋಕೆ ಬರುತ್ತೆ."

ನಾಳೆಗೆ ಕಾಯಲಿಲ್ಲ. ಅಲ್ಲೇ, ಆ ಬಿಸಿಲಲ್ಲೇ ಪದ್ಯ ಶುರು ಮಾಡಿದಳು. ಹಿರಿಯಳು ಸದ್ದಿಲ್ಲದೆ ಹೆಂಗಸರ ಜನಾನಾದ ಬಾಗಿಲಿನಿಂದ ಒಳಹೋಗಿ, ಹುಡುಗಿಯೊಬ್ಬಳ ಕೈಹಿಡಿದು ಬಂದು ಜೀವಣಿಯ ಮಡಿಲಿಗೆ ತಳ್ಳಿದಳು. ಆಮೇಲೆ ಖಾನ್‌ಜಾದಿಯ ಪಕ್ಕ ನಿಂತು, ಒಳಗಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಸಭಾಗಿಯ ಹೆಸರಿರೋ ಸಾಲು, ಇನ್ನೊಮ್ಮೆ ಹೇಳು."