ಸೂಲಗಿತ್ತಿಯ ಮನೆಯ ಬೀಗ

ನಾನು ಒಂದು ಹಿತ್ತಾಳೆಯ ಬೀಗ. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಕಣ್ಣುಬಿಟ್ಟದ್ದು ಗದಗಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ. ಅಲ್ಲಿಂದ ನನ್ನನ್ನು ಕೊಂಡು ತಂದವಳು ದಾಕ್ಷಾಯಣಿ. ಬ್ಲೌಸು ಹೊಲಿಯುವ ಅವಳ ಪುಟ್ಟ ಅಂಗಡಿಯ ಬಾಗಿಲನ್ನು ಹದಿನಾಲ್ಕು ವರ್ಷ ಕಾದೆ. ಬೆಳಿಗ್ಗೆ ನನ್ನನ್ನು ತೆಗೆಯುವಾಗ ಅವಳು ಏನಾದರೂ ಗುನುಗುತ್ತಿದ್ದಳು.

ಆಮೇಲೆ ಅವಳ ತಾಯಿ ಕಲ್ಲವ್ವನಿಗೆ ಮರೆವಿನ ಕಾಯಿಲೆ ಬಂತು. ಕಲ್ಲವ್ವ ಓಣಿಗೆಲ್ಲ ಹೆಸರಾದ ಸೂಲಗಿತ್ತಿ. ಮಗಳ ಹೆಸರೂ ಮರೆತುಹೋಗಿತ್ತು, ಆದರೆ ಎಲ್ಲೋ ಯಾರೋ ಬೇನೆ ತಿನ್ನುತ್ತಿದ್ದಾರೆಂದು ಎದ್ದು ಹೊರಟುಬಿಡುತ್ತಿದ್ದಳು. ಒಮ್ಮೆ ರೈಲು ಹಳಿಯ ಮೇಲೆ ಸಿಕ್ಕಳು. ದಾಕ್ಷಾಯಣಿ ಅಂಗಡಿ ಬಿಟ್ಟುಕೊಟ್ಟಳು. ನಾನು ಮನೆಯ ಗೇಟಿಗೆ ಬಂದೆ.

ಅಲ್ಲಿ ತೂಗುತ್ತ, ದಾಕ್ಷಾಯಣಿ ಸೊರಗುವುದನ್ನು ನೋಡಿದೆ. ತಲೆ ಬಾಚುವುದನ್ನೂ ಬಿಟ್ಟಳು. ಅನ್ನ ಸೀದ ವಾಸನೆ ಗೇಟಿನ ತನಕ ಬಂದರೂ ಅಂಗಳದಲ್ಲಿ ನಿಂತೇ ಇರುತ್ತಿದ್ದಳು. ಯುಗಾದಿಗೆ ಬಂದ ಅವಳ ಅಣ್ಣ ನನ್ನನ್ನು ನೋಡಿ, "ಅವ್ವನ್ನ ದನದಂಗ ಕೂಡಿಹಾಕೀಯಲ್ಲ!" ಎಂದ. ಅವನು ಸಂಜೆಯ ಬಸ್ಸಿಗೆ ಹೊರಟುಹೋದ.

ಒಂದು ಮಧ್ಯಾಹ್ನ ಕಲ್ಲವ್ವ ನನ್ನನ್ನು ಹಿಡಿದು ಜಗ್ಗತೊಡಗಿದಳು. "ಬಿಡ್ರಿ, ಕೂಸು ಅಡ್ಡ ಐತಿ!" ಬಿಡಿಸಲು ಬಂದ ಮಗಳ ಮುಂಗೈ ಕಚ್ಚಿದಳು. ದಾಕ್ಷಾಯಣಿ ರಪ್ಪನೆ ಹೊಡೆದಳು. ಹೊಡೆದವಳೇ ಕುಸಿದು ಕುಳಿತಳು.

"ನೀ ಸತ್ತರ ಸಾಕಾಗೇತಿ, ಅವ್ವಾ... ಇಲ್ಲಾಂದ್ರ ನಾನರ ಸಾಯ್ತೀನಿ."

ಕೆನ್ನೆ ಕೆಂಪಾದ ಮುದುಕಿ ಪಕ್ಕದಲ್ಲಿ ಕುಳಿತು ಅವಳ ಬೆನ್ನು ನೀವಿದಳು. "ಅಂಜಬ್ಯಾಡ ತಂಗಿ. ಉಸಿರು ಬಿಡು. ಬ್ಯಾನಿ ಸುರುವಾಗಿ ಎಷ್ಟೊತ್ತಾತು?"

"ಮೂರು ವರ್ಷಾತು," ಎಂದಳು ದಾಕ್ಷಾಯಣಿ.

"ಅಷ್ಟು ದಿನ ಒಬ್ಬಾಕೀನ ಬ್ಯಾನಿ ಯಾಕ ತಿಂದಿ? ಯಾರನ್ನರ ಕರೀಬಾರದ?"

ದಾಕ್ಷಾಯಣಿ ಎದ್ದು, ಪಕ್ಕದ ಮನೆಯ ಹಸೀನಾಳನ್ನು ಕೂಗಿದಳು. ಮರುದಿನ ಅವ್ವನನ್ನು ಅವಳ ಬಳಿ ಬಿಟ್ಟು ತಾನು ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿಬಂದಳು. ಖಿನ್ನತೆ ಎಂದರಂತೆ, ಗುಳಿಗೆ ಕೊಟ್ಟಿದ್ದರು. ವಾರಕ್ಕೆ ಎರಡು ಮಧ್ಯಾಹ್ನ ಹಸೀನಾ ಬಂದು ಕಲ್ಲವ್ವನ ಜೊತೆ ಕೂರತೊಡಗಿದಳು. ಆಗ ದಾಕ್ಷಾಯಣಿ ಮಲಗುತ್ತಿದ್ದಳು, ಬರೀ ಮಲಗುತ್ತಿದ್ದಳು. ಕಲ್ಲವ್ವ ಮಾತ್ರ ಕೊನೆಯ ತನಕ ನನ್ನನ್ನು ಜಗ್ಗುವುದು ಬಿಡಲಿಲ್ಲ.

ಅವಳು ತೀರಿಕೊಂಡು ಎರಡು ವರ್ಷವಾಯಿತು. "ಇನ್ನರ ನಿನಗ ಆರಾಮ ಆತಲ್ಲ," ಎಂದು ಯಾರಾದರೂ ಅಂದರೆ ದಾಕ್ಷಾಯಣಿ ಎದ್ದು ಹಿತ್ತಲಿಗೆ ಬಂದುಬಿಡುತ್ತಾಳೆ. ನಾನು ಹಿತ್ತಲ ಗೋಡೆಯ ಗೂಡಿನಲ್ಲಿ ಕಿಲುಬು ಹಿಡಿದು ಬಿದ್ದಿದ್ದೇನೆ. ಆ ಮುದುಕಿಯನ್ನು ಕಾದೆನೋ, ಕೂಡಿಹಾಕಿದೆನೋ, ನನಗೆ ತಿಳಿಯದು. ಒಮ್ಮೊಮ್ಮೆ ದಾಕ್ಷಾಯಣಿ ನನ್ನನ್ನು ಕೈಗೆತ್ತಿಕೊಂಡು, ಅದನ್ನೇ ಕೇಳುವವಳಂತೆ ನೋಡುತ್ತಾಳೆ. ಸ್ವಲ್ಪ ಹೊತ್ತು ಕಾದು, ಮತ್ತೆ ಅಲ್ಲಿಯೇ ಇಡುತ್ತಾಳೆ.