ತಿರುಗದ ಫ್ಯಾನು

"ಒದೀಬೇಡಿ ಅಂದೆನಲ್ಲ ಭಾವ!"

ಅಷ್ಟರಲ್ಲಿ ಮೂರನೇ ಒದೆ ಬಿದ್ದಾಗಿತ್ತು. ನೆಲದ ಮೇಲಿದ್ದ ಕಂಪ್ಯೂಟರು ಪಕ್ಕಕ್ಕೆ ಉರುಳಿ, ಒಮ್ಮೆ ಮಿಣುಕಿ, ಎರಡೇ ಕ್ಷಣದಲ್ಲಿ ಕಣ್ಣು ಮುಚ್ಚಿತು. ತಂಗಿ ಅದನ್ನು ಎತ್ತಿ ತನ್ನ ರಿಪೇರಿ ಮೇಜಿನ ಮೇಲಿಟ್ಟಳು.

ಭಾವ ಎರಡು ಕೆಲಸ ಇಟ್ಟುಕೊಂಡು ಬಂದಿದ್ದ: ಕಂಪ್ಯೂಟರು ಶುರುವಾಗಬೇಕು, ಹೆಂಡತಿ ಮನೆಗೆ ವಾಪಸಾಗಬೇಕು. ಅಕ್ಕ ನಿನ್ನೆಯೇ ಬಾಯಿಗೆ ಬಟ್ಟೆ ಒತ್ತಿಕೊಂಡು ಬಂದವಳು, ಮೆಟ್ಟಿಲು ಎಡವಿದೆ ಎಂದಷ್ಟೇ ಹೇಳಿ ಅಂಗಡಿಯ ಹಿಂದಿನ ಕೋಣೆ ಸೇರಿದ್ದಳು.

"ನಾಳೆ ಹತ್ತಕ್ಕೆ ಕಟ್ಟಡದ ನಕ್ಷೆ ಕೊಡ್ಬೇಕು. ನಿನ್ನ ಕೈಲಾಗತ್ತಾ, ಇಲ್ಲಾ ಗಂಡಸರಿರೋ ಅಂಗಡಿ ಹುಡುಕ್ಲಾ?"

"ಹುಡುಕಿ. ಒದ್ದು ರಿಪೇರಿ ಮಾಡೋರು ಬೇಕಾದಷ್ಟು ಜನ ಇದಾರೆ."

"ನಿಮ್ಮಕ್ಕನಿಗೆ ಬಾಯಿಲ್ಲ. ನಿನಗೆ ಅವಳದ್ದೂ ಸೇರಿ ಎರಡು."

ತಂಗಿ ಮೆಮೊರಿ ಪಟ್ಟಿಯನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಳು. ಪವರ್ ಸಪ್ಲೈ ಬದಲಿಸಿದಳು. ಊಹೂಂ, ಅದೇ ಎರಡು ಕ್ಷಣ. ಆಗ ಕಣ್ಣಿಗೆ ಬಿತ್ತು: ಪ್ರೊಸೆಸರಿನ ಫ್ಯಾನು ತಿರುಗುತ್ತಲೇ ಇಲ್ಲ. ಬಿಸಿಯಾಗುತ್ತದೆಂದು ಭಾವ ಪಕ್ಕದ ಮುಚ್ಚಳ ತೆಗೆದೇ ಇಡುತ್ತಿದ್ದ. ಕಲ್ಲೋ ಅಂಗಿ ಗುಂಡಿಯೋ ಬಿದ್ದಿರಬೇಕು. ಚಿಮಟ ಹಾಕಿ ಎಳೆದಳು.

ಹಲ್ಲು. ಮುಂದಿನದು, ಮೂಲೆ ಮುರಿದದ್ದು. ಅಕ್ಕನ ಹಲ್ಲಿನ ಆ ಮೂಲೆಯನ್ನು ಚಿಕ್ಕಂದಿನಲ್ಲಿ ಉಯ್ಯಾಲೆಯ ಹಲಗೆ ಬೀಸಿ ಮುರಿದವಳು ಇವಳೇ.

"ಮೆಟ್ಟಿಲು ಎಡವಿದ್ರೆ ಹಲ್ಲು ಇದರೊಳಗೆ ಬೀಳತ್ತಾ ಭಾವ?"

ಭಾವ ಅಂಗಡಿಯ ಬಾಗಿಲು ಮುಚ್ಚಿದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿನಗ್ಯಾಕೆ?"

"ಉಣ್ಣೋಕೆ ಹಲ್ಲು ಬೇಕಲ್ಲೋ."

ಏಕವಚನ ಬಾಯಿಂದ ಉದುರಿದ್ದೇ ತಡ, ಹೊಡೆತ ಬಿತ್ತು. ಅವಳ ಕನ್ನಡಕ ಹಾರಿತು, ಕಿವಿ ಗುಯ್ಯೆಂದಿತು. ಜುಟ್ಟು ಹಿಡಿದು ಅವಳ ಮುಖವನ್ನು ತೆರೆದ ಪೆಟ್ಟಿಗೆಯ ತಗಡಿನ ಅಂಚಿಗೆ ಅಪ್ಪಳಿಸಿದ, ಒಮ್ಮೆ, ಇನ್ನೊಮ್ಮೆ. ತಡವರಿಕೆಯಿಲ್ಲ, ಕೈಗೆ ರೂಢಿಯಿತ್ತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಕುರುಡಾಗಿ ತಡಕಾಡಿದ ಅವಳ ಬೆರಳಿಗೆ ಸ್ಕ್ರೂಡ್ರೈವರ್ ಸಿಕ್ಕಿತು. ಮೇಜಿಗೆ ಊರಿದ್ದ ಅವನ ಕೈ ಮೇಲೆ ಇಡೀ ಮೈಭಾರ ಹಾಕಿ ಚುಚ್ಚಿದಳು. ಮೂಳೆಗಳ ನಡುವೆ ದಾರಿ ಮಾಡಿಕೊಂಡು ಅದು ಮರ ಮುಟ್ಟಿತು.

ಅವನ ಕೂಗು ಬೀದಿಗೆ ಕೇಳಿಸಿರಬೇಕು. ಗುದ್ದಾಟದಲ್ಲಿ ಯಾರ ಮೊಣಕೈ ಪವರ್ ಗುಂಡಿಗೆ ತಾಗಿತೋ, ಫ್ಯಾನು ಗಿರ್ರನೆ ತಿರುಗಿ ಕೆಂಪು ಹನಿಗಳನ್ನು ಇಬ್ಬರ ಮುಖಕ್ಕೂ ಎರಚಿತು. ಮೇಜಿನ ಮೇಲಿದ್ದ ಪರದೆಯಲ್ಲಿ ಯಾರದೋ ಮನೆಯ ನಕ್ಷೆ ಮೂಡಿತು.

ಹಿಂದಿನ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಭಾವ ಹಲ್ಲು ಕಚ್ಚಿ ಸ್ಕ್ರೂಡ್ರೈವರ್ ಕಿತ್ತೆಸೆದ. ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡ. ದನಿ ಬೆಣ್ಣೆಯಾಯಿತು.

"ನೋಡು, ಆಗಿದ್ದು ಆಗ್ಹೋಯ್ತು. ಒಳ್ಳೇ ಡಾಕ್ಟರ ಹತ್ರ ಹೊಸ ಹಲ್ಲು ಕಟ್ಟಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ನಡಿ, ಮನೆಗೆ ಹೋಗೋಣ."

ಗಾಯವಾಗದ ಕೈಯನ್ನು ಅವಳತ್ತ ಚಾಚಿದ. ಅಕ್ಕ ಆ ಕೈಯನ್ನು ನೋಡಿದಳು. ನೆಲದ ಮೇಲೆ ಕುಸಿದು ಹುಬ್ಬು ಒತ್ತಿಕೊಂಡಿದ್ದ ತಂಗಿಯನ್ನು ನೋಡಿದಳು. ಬಾಯಿಯಿಂದ ಬಟ್ಟೆ ತೆಗೆದಳು.

"ಬರಲ್ಲ."